ಸ್ಟಾರ್ ಕೊಡುವವರ ಮನೆ

ಆ ಮನೆಯಲ್ಲಿ ಒಬ್ಬರು ಸ್ಟಾರ್ ಕೊಡುವವರು, ಒಬ್ಬರು ಸ್ಟಾರ್ ಮಾರುವವರು. ಹಾಗೆಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದವಳು ಸೊಸೆ. ಅವಳ ಅತ್ತೆ ಎಸಿಗಳನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಆಪರೇಟರು. ಅವಳ ಗಂಡ ದೊಡ್ಡ ಅಂಗಡಿಯೊಂದರಲ್ಲಿ ಅವೇ ಎಸಿಗಳನ್ನು ಮಾರುವ ಸೇಲ್ಸ್‌ಮನ್ನು. "ಇಬ್ಬರಿಗೂ ಬೇಯಿಸಿ ಹಾಕೋಳು ನಾನು, ನನಗೆ ಮಾತ್ರ ಅರ್ಧ ಸ್ಟಾರೂ ಇಲ್ಲ" ಅನ್ನುವುದು ಅವಳ ಮಾತಿನ ಕೊನೆ.

ಅತ್ತೆಗೆ ಲ್ಯಾಬಿನಲ್ಲಿ ಇಪ್ಪತ್ತೇಳಮ್ಮ ಎಂದೇ ಹೆಸರು. ಪರೀಕ್ಷೆಯ ಕೋಣೆ ಇಪ್ಪತ್ತೇಳು ಡಿಗ್ರಿಯಲ್ಲಿ ನಿಲ್ಲಬೇಕು. ಇಪ್ಪತ್ತೇಳೂ ಕಾಲು ಅಂದರೆ ಈಕೆ ಒಪ್ಪುವವಳಲ್ಲ, ಮತ್ತೆ ಮೊದಲಿಂದ ಶುರು ಮಾಡಿಸುವವಳು. ಕೆಲಸಕ್ಕೆ ಹೊಸದಾಗಿ ಸೇರಿದವರು ಬೈದುಕೊಂಡು ಇಟ್ಟ ಹೆಸರು ಬರಬರುತ್ತಾ ಮರ್ಯಾದೆಯ ಹೆಸರಾಗಿತ್ತು. ಮನೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನದ್ದು ಯಾವುದನ್ನೂ ಆಕೆ ಮನೆಗೆ ತರುತ್ತಿರಲಿಲ್ಲ. ಗಂಡ ಬದುಕಿದ್ದಾಗಲೂ ಅಷ್ಟೆ. "ಇವತ್ತೇನು ಮಾಡಿದೆ?" ಅಂದರೆ "ಕೂತಿದ್ದೆ" ಅನ್ನುತ್ತಿದ್ದಳು.

ಬೇಸಿಗೆ ಇನ್ನೇನು ಶುರುವಾಗಬೇಕು ಅನ್ನುವಾಗ, ಒಂದು ಭಾನುವಾರ, ಮಗ ಆಟೋದಲ್ಲಿ ಎರಡು ದೊಡ್ಡ ಪೆಟ್ಟಿಗೆ ಇಳಿಸಿದ.

"ಅಮ್ಮಾ, ನಿನ್ನ ಕೋಣೆಗೆ."

"ನನಗ್ಯಾಕೋ? ಫ್ಯಾನಿದೆ."

"ಆ ಫ್ಯಾನು ಬಿಸಿ ಗಾಳೀನ ಕಲಸುತ್ತೆ ಅಷ್ಟೆ. ತಾರಸಿ ಕೆಳಗೆ ಮಲಗಿ ಬೇಯ್ತಾ ಇದೀಯ. ಊರವರ ಎಸಿಗೆಲ್ಲ ಮಾರ್ಕು ಹಾಕಿ ಹಾಕಿ ಸಾಕಾಗಿದೆ ನಿನಗೆ, ನಿನ್ನ ತಲೆ ಮೇಲೊಂದು ಬೇಡ್ವಾ?"

ಮಗ ಏಣಿ ಹತ್ತಿ ಗೋಡೆ ಕೊರೆದ. ಸೊಸೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಳಗೆ ಬಿದ್ದ ಪುಡಿ ಗುಡಿಸಿದಳು. ಎಂಟು ವರ್ಷದ ಮೊಮ್ಮಗಳು ಮಂಚದ ಮೇಲೆ ಕಾಲು ಮಡಿಸಿ ಕೂತು ಎಲ್ಲರನ್ನೂ ವಿಚಾರಣೆ ಮಾಡುತ್ತಿತ್ತು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಬೆವರಿಳಿಸುವ ಆ ಮಗುವಿಗೆ ಮನೆಯಲ್ಲಿ ಲಾಯರು ಎಂದೇ ಹೆಸರು.

"ಅಜ್ಜಿ, ಬಟ್ಟೆ ಅಳೆಯೋಕೆ ಟೇಪಿದೆ. ತಂಪು ಅಳೆಯೋಕೆ ಏನಿದೆ?"

"ಬಿಸಿ ಇದೆ."

"ಸುಳ್ಳು ಹೇಳ್ಬೇಡ."

"ಸುಳ್ಳಲ್ಲ ಕಣೇ. ನಮ್ಮಲ್ಲಿ ಅಕ್ಕಪಕ್ಕ ಎರಡು ಕೋಣೆ ಇವೆ. ಒಂದನ್ನ ಮನೆ ಅಂತೀವಿ, ಒಂದನ್ನ ಬೀದಿ ಅಂತೀವಿ. ಬೀದೀಲಿ ಮೂವತ್ತೈದು ಡಿಗ್ರಿ ಬಿಸಿಲು ಮಾಡಿ ಇಡ್ತೀವಿ. ಮನೇಲಿ ಇಪ್ಪತ್ತೇಳು. ನಡುವಿನ ಗೋಡೇಲಿ ಎಸಿ. ಅದು ಮನೇನ ತಣ್ಣಗೆ ಮಾಡೋಕೆ ನೋಡುತ್ತೆ, ನಾವು ಬಿಡಲ್ಲ. ಹೀಟರ್ ಹಾಕಿ ಅಷ್ಟಷ್ಟೇ ಬಿಸಿ ಸುರೀತಾ ಹೋಗ್ತೀವಿ. ಕೋಣೆ ಇಪ್ಪತ್ತೇಳು ಬಿಟ್ಟು ಅಲ್ಲಾಡಬಾರದು. ನಾವು ಎಷ್ಟು ಬಿಸಿ ಸುರಿದ್ವೋ, ಅಷ್ಟು ತಂಪು ಅದು ಮಾಡಿದೆ ಅಂತ ಲೆಕ್ಕ."

"ಅಂದ್ರೆ ಅದು ಎಷ್ಟು ಕೆಲಸ ಮಾಡಿದ್ರೂ ಕೋಣೇಲಿ ಏನೂ ಆಗಲ್ಲ?"

"ಏನೂ ಆಗಲ್ಲ. ಆಗಬಾರದು."

"ಪಾಪ" ಎಂದಿತು ಲಾಯರು. ಸ್ವಲ್ಪ ಯೋಚಿಸಿ, "ಹಂಗಾದ್ರೆ ಸ್ಟಾರು?" ಎಂದಿತು.

"ಮಾಡಿದ ತಂಪು ಎಷ್ಟು, ಅದಕ್ಕೆ ತಿಂದ ಕರೆಂಟು ಎಷ್ಟು. ವರ್ಷದಲ್ಲಿ ಎಷ್ಟು ಗಂಟೆ ಸುಡು ಬಿಸಿಲು, ಎಷ್ಟು ಗಂಟೆ ಸಾಧಾರಣ ಬಿಸಿಲು ಅಂತ ಒಂದು ಪಟ್ಟಿ ಇರುತ್ತೆ. ಅದರ ಪ್ರಕಾರ ಇಡೀ ವರ್ಷದ ತಂಪನ್ನ ಇಡೀ ವರ್ಷದ ಕರೆಂಟಿಂದ ಭಾಗಿಸ್ತೀವಿ. ಕಮ್ಮಿ ತಿಂದು ಜಾಸ್ತಿ ದುಡಿದಿದ್ದಕ್ಕೆ ಜಾಸ್ತಿ ಸ್ಟಾರು."

"ಹಂಗಾದ್ರೆ ನಮ್ಮನೇಲಿ ಫೈವ್ ಸ್ಟಾರು ನಾನೇ" ಎಂದಳು ಸೊಸೆ, ಪೊರಕೆ ಊರಿ ನಿಂತು.

ಎಲ್ಲರೂ ನಕ್ಕರು. ಇಪ್ಪತ್ತೇಳಮ್ಮನೂ ನಕ್ಕಳು. ಆ ವಾರದಲ್ಲಿ ಆಕೆ ಮನೆಯವರ ಜತೆ ಕೂತು ನಕ್ಕಿದ್ದು ಅದೇ ಕೊನೆ.

ಮಗ ಏಣಿ ಇಳಿದು ಸ್ವಿಚ್ಚು ಒತ್ತಿದ. ಎಸಿಯ ಮುಂದಿನ ರೆಕ್ಕೆ ಟಕ್ ಟಕ್ ಟಕ್ ಎಂದು ಮೂರು ಸಲ ಸರಿಯಿತು, ನಿಂತಿತು, ಏನೋ ಮರೆತವರ ಹಾಗೆ ಮತ್ತೊಂದು ಸಲ ಟಕ್ ಎಂದಿತು. ಆಮೇಲೆ ಒಳಗಿನ ಫ್ಯಾನು ಗಂಟಲು ಸರಿಮಾಡಿಕೊಂಡು ತಿರುಗತೊಡಗಿತು.

ಇಪ್ಪತ್ತೇಳಮ್ಮನ ಮುಖದಲ್ಲಿದ್ದ ನಗು ಅಲ್ಲೇ ನಿಂತುಹೋಯಿತು. ಈ ಸದ್ದನ್ನು ಹಿಂದಿನ ವಾರ ಪೂರ್ತಿ ಆಕೆ ಕೇಳಿದ್ದಳು. ಪರೀಕ್ಷೆಗೆ ಬರುವ ಮಷಿನ್ನುಗಳ ಹೆಸರಿನ ಮೇಲೆ ಟೇಪು ಬಡಿದು ಬರೀ ನಂಬರು ಕೊಟ್ಟಿರುತ್ತಾರೆ. ಯಾವ ಕಂಪನಿಯದೆಂದು ಪರೀಕ್ಷೆ ಮಾಡುವವರಿಗೆ ಗೊತ್ತಿರಕೂಡದು. ಹದಿಮೂರನೇ ನಂಬರಿನ ಮಷಿನ್ನು ಹೀಗೇ ಮೂರು ಸಲ ಸರಿದು, ನಿಂತು, ನಾಲ್ಕನೆಯದನ್ನು ಹಾಕುತ್ತಿತ್ತು. ಆಕೆ ಸ್ಟೂಲಿನ ಮೇಲೆ ಹತ್ತಿ ಮುಚ್ಚಳ ಎತ್ತಿ ನೋಡಿದಳು. ಅದೇ ಜಾಲರಿ. ಎಡಗಡೆಗೆ ಅದೇ ಬಾಗು.

"ಏನಮ್ಮ, ಇನ್ಸ್‌ಪೆಕ್ಷನ್ನಾ?" ಮಗ ಕೆಳಗಿನಿಂದ ಕೇಳಿದ. "ಪಾಸಾ?"

"ಧೂಳು ಕೂತಿದೆಯಾ ಅಂತ ನೋಡ್ದೆ."

"ಪೆಟ್ಟಿಗೆಯಿಂದ ಈಗ ತೆಗೆದಿದ್ದು! ಎಲ್ಲಿಂದ ಬರುತ್ತೆ ಧೂಳು?"

ಹದಿಮೂರನೇ ನಂಬರು ಶುಕ್ರವಾರ ಫೇಲಾಗಿತ್ತು. ಪೂರ್ತಿ ವೇಗದಲ್ಲಿ ಪರವಾಗಿಲ್ಲ. ಅರ್ಧ ವೇಗದಲ್ಲಿ, ಅಂದರೆ ಮನೆಗಳಲ್ಲಿ ಎಸಿ ಹೆಚ್ಚು ಹೊತ್ತು ಓಡುವ ವೇಗದಲ್ಲಿ, ಕಂಪನಿ ಬರೆದುಕೊಟ್ಟದ್ದಕ್ಕಿಂತ ಎಷ್ಟೋ ಜಾಸ್ತಿ ಕರೆಂಟು ತಿಂದಿತ್ತು. ಹೊರಗೆ ಐದು ಸ್ಟಾರಿನ ಲೇಬಲ್ಲು ಹಚ್ಚಿಕೊಂಡ ಆ ಮಷಿನ್ನು ವರ್ಷದ ಲೆಕ್ಕಕ್ಕೆ ಹಾಕಿದರೆ ಮೂರರ ಮೆಟ್ಟಿಲಿನಲ್ಲಿ ನಿಂತಿತ್ತು. ಮೂರು ಸಲ ಕೂಡಿಸಿ ನೋಡಿ ಸಹಿ ಹಾಕಿದವಳು ಇಪ್ಪತ್ತೇಳಮ್ಮನೇ.

ರಾತ್ರಿ ಊಟಕ್ಕೆ ಕೂತಾಗ ಮಗ ವಿಷಯ ಬಿಚ್ಚಿದ. ಕಂಪನಿಯವರು ಈ ಎಸಿಯನ್ನು ಸುಮ್ಮನೆ ಕೊಟ್ಟಿರಲಿಲ್ಲ. ಅವನು ಸೇಲ್ಸ್‌ಮನ್ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕುವವನಿದ್ದ. ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಮಳಿಗೆ ನೋಡಿಯಾಗಿತ್ತು.

"ಮೊದಲ ಲೋಡು ಮೂವತ್ತು ಪೀಸು, ಎಲ್ಲಾ ಇದೇ ಮಾಡೆಲ್ಲು. ಈ ರೇಟಿಗೆ ಫೈವ್ ಸ್ಟಾರು ಬೇರೆ ಯಾರೂ ಕೊಡ್ತಿಲ್ಲ. ಒಂದೇ ಬೇಸಿಗೇಲಿ ಖಾಲಿ."

"ಅಂಗಡೀಲಿ ಯಾರು ಕೂರ್ತಾರೆ?" ಇಪ್ಪತ್ತೇಳಮ್ಮ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

"ನಾನು ಫಿಟ್ಟಿಂಗಿಗೆ ಓಡಾಡ್ತೀನಿ. ಇವಳು ಕೂರ್ತಾಳೆ."

ಸೊಸೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರು. ಹನ್ನೆರಡು ವರ್ಷದ ಕೆಲಸ, ಪರ್ಮನೆಂಟು.

"ಬಿಡ್ತೀಯಾ?" ಅತ್ತೆ ಕೇಳಿದಳು.

"ಇನ್ನೂ ಕಾಗದ ಕೊಟ್ಟಿಲ್ಲ" ಎಂದು ಸೊಸೆ ಆಲೂಗಡ್ಡೆಯ ಪಾತ್ರೆ ಅತ್ತೆಯ ಕಡೆ ಸರಿಸಿದಳು. "ತಿಂಗಳ ಕೊನೇವರೆಗೆ ಟೈಮಿದೆ."

"ಏನಮ್ಮ, ಖುಷಿ ಆಗ್ಲಿಲ್ವಾ?"

"ಆಯ್ತು."

"ಮುಖ ನೋಡಿದ್ರೆ ಹಂಗಿಲ್ಲ."

"ಹಲ್ಲು ನೋಯ್ತಿದೆ" ಎಂದು ಆಕೆ ಎದ್ದು ಕೈ ತೊಳೆದಳು.

ಮಾರನೆಯ ಬೆಳಿಗ್ಗೆ ಲ್ಯಾಬಿಗೆ ಹೋದವಳು ಕೋಟು ಕೂಡ ಹಾಕಿಕೊಳ್ಳದೆ ನೇರ ಸಾಹೇಬರ ಬಾಗಿಲಿಗೆ ನಿಂತಳು.

"ಸಾರ್, ಹದಿಮೂರನೇ ನಂಬರು ಯಾವುದು ಅಂತ ನನಗೆ ಗೊತ್ತಾಯ್ತು."

ಸಾಹೇಬರು ಕನ್ನಡಕ ತೆಗೆದರು. "ಯಾರು ಹೇಳಿದ್ರು?"

"ಯಾರೂ ಇಲ್ಲ. ಅದರ ಸದ್ದು ನಮ್ಮನೇಲಿ ಕೇಳಿಸ್ತು. ನನ್ನ ಮಗ ಅದರ ಡೀಲರ್ ಆಗೋನಿದ್ದಾನೆ."

ಸಾಹೇಬರು ಎದ್ದು ಬಾಗಿಲು ಹಾಕಿದರು. ಒಂದು ಮಷಿನ್ನು ಫೇಲಾದರೆ ಅಂಗಡಿಗಳಿಂದ ಗುಟ್ಟಾಗಿ ಇನ್ನೆರಡನ್ನು ತರಿಸಿ ಪರೀಕ್ಷೆ ಮಾಡಬೇಕು. ಅವೆರಡೂ ಪಾಸಾದರೆ ಲೇಬಲ್ಲು ಉಳಿಯುತ್ತದೆ, ಇಲ್ಲದಿದ್ದರೆ ಸ್ಟಾರು ಇಳಿಯುತ್ತದೆ. ಸ್ಟಾರು ಇಳಿದವುಗಳ ಪಟ್ಟಿ ಪ್ರಕಟವಾಗುವವರೆಗೆ ಹೊರಗಿನ ಇರುವೆಗೂ ತಿಳಿಯಕೂಡದು.

"ನೀವು ಬಂದು ಹೇಳಿದ್ದು ಸರಿಯಾಯ್ತಮ್ಮ. ಆದ್ರೆ ಇನ್ನು ಆ ಕೋಣೆ ಕಡೆ ನೀವು ಹೋಗೋ ಹಾಗಿಲ್ಲ. ಪಟ್ಟಿ ಬರೋವರೆಗೆ ಫ್ರಿಜ್ಜಿನ ವಿಭಾಗದಲ್ಲಿರಿ."

"ಸರಿ ಸಾರ್."

"ಮನೇಲಿ ಒಂದಕ್ಷರ..."

"ಇಪ್ಪತ್ತೆಂಟು ವರ್ಷದಲ್ಲಿ ಆಡಿದೀನಾ ಸಾರ್?"

"ಇಲ್ಲ. ಆದ್ರೂ ಹೇಳೋದು ನನ್ನ ಕೆಲಸ" ಎಂದರು ಸಾಹೇಬರು, ಕನ್ನಡಕ ಹಾಕಿಕೊಳ್ಳುತ್ತಾ.

ಫ್ರಿಜ್ಜಿನ ವಿಭಾಗ ಕಟ್ಟಡದ ಹಿಂಭಾಗದಲ್ಲಿತ್ತು. ಅಲ್ಲಿ ಸಾಲಾಗಿ ನಿಂತ ಫ್ರಿಜ್ಜುಗಳ ಬಾಗಿಲು ಸರಿಯಾಗಿ ಮುಚ್ಚಿವೆಯೇ ಎಂದು ಗಂಟೆಗೊಮ್ಮೆ ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಧ್ಯಾಹ್ನ ಆಕೆ ಡಬ್ಬಿ ಹಿಡಿದು ಕ್ಯಾಂಟೀನಿಗೆ ಬಂದಳು. ಇಷ್ಟು ವರ್ಷ ಆಕೆಯ ಜತೆ ಕೂತು ಉಣ್ಣುತ್ತಿದ್ದವಳು ಮಷಿನ್ನುಗಳಿಗೆ ಸೆನ್ಸರಿನ ತಂತಿ ಅಂಟಿಸುವ ಹೆಂಗಸು. ತೆಳ್ಳಗಿದ್ದುದರಿಂದ ಅವಳ ಹೆಸರೂ ತಂತಿ ಎಂದೇ ಆಗಿತ್ತು. ತಂತಿ ಆವತ್ತು ಡಬ್ಬಿ ಬಿಚ್ಚದೆ ಕಾಯುತ್ತಿದ್ದಳು.

"ಅಕ್ಕಾ, ತಪ್ಪು ತಿಳ್ಕೋಬೇಡ. ಆ ಇನ್ನೆರಡು ಪೀಸು ನನ್ನ ಕೈಗೇ ಕೊಟ್ಟಿದಾರೆ."

"ಗೊತ್ತು."

"ನಾವಿಬ್ಬರೂ ಒಟ್ಟಿಗೆ ಕೂತ್ರೆ ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ..."

"ನೀನು ಆ ಟೇಬಲ್ಲಿಗೆ ಹೋಗು. ನಾನು ಕಿಟಕಿ ಹತ್ರ ಕೂರ್ತೀನಿ."

"ಕೋಪಾನಾ?"

"ನಿನ್ನ ಜಾಗದಲ್ಲಿ ನಾನಿದ್ರೆ ಬೆಳಿಗ್ಗೆಯಿಂದಲೇ ಮಾತು ಬಿಡ್ತಿದ್ದೆ" ಎಂದಳು ಇಪ್ಪತ್ತೇಳಮ್ಮ. ತಂತಿ ನಕ್ಕಳು, ಆದರೆ ಎದ್ದು ಹೋದಳು. ಕಿಟಕಿಯ ಹತ್ತಿರದ ಟೇಬಲ್ಲಿನಲ್ಲಿ ಒಂದು ಕುರ್ಚಿಯೇ ಇತ್ತು. ಎರಡನೆಯದನ್ನು ಯಾರೋ ಮೊದಲೇ ಎತ್ತಿಕೊಂಡು ಹೋಗಿದ್ದರು.

ಮನೆಯಲ್ಲಿ ದಿನವೂ ಅಂಗಡಿಯದೇ ಮಾತು. ಬೋರ್ಡಿಗೆ ಯಾವ ಬಣ್ಣ, ಬಾಗಿಲಿಗೆ ಗಾಜು ಬೇಕೋ ಬೇಡವೋ, ಕೂರುವ ಕುರ್ಚಿ ತಿರುಗುವುದೋ ತಿರುಗದ್ದೋ. ಮಗ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡಾಡುತ್ತಿದ್ದ. ಬೆಳಿಗ್ಗೆ ಬ್ರೆಡ್ಡನ್ನು ಕೈಯಲ್ಲೇ ಹಿಡಿದು ತಿನ್ನುತ್ತಾ ಫೋನಿನಲ್ಲಿ ಮಾತಾಡುತ್ತಿದ್ದ. ಎರಡನೆಯ ವಾರ ಒಂದು ದಿನ ಇಪ್ಪತ್ತೇಳಮ್ಮ ಬಟ್ಟೆ ಒಣಹಾಕುತ್ತಾ, ಹಗ್ಗದ ಆ ಕಡೆ ನಿಂತಿದ್ದ ಮಗನಿಗೆ ಹೇಳಿದಳು.

"ಮೂವತ್ತು ಜಾಸ್ತಿ ಆಗಲ್ವೇನೋ? ಹತ್ತು ತಗೋ ಮೊದಲು."

"ಹತ್ತು ತಗೊಂಡ್ರೆ ಆ ರೇಟಿಗೆ ಕೊಡಲ್ಲ."

"ಬೇರೆ ಬೇರೆ ಕಂಪನೀದು ಇಟ್ಕೋ. ಜನಕ್ಕೆ ಆರಿಸೋಕೆ ಸಿಗುತ್ತೆ."

ಮಗ ಒದ್ದೆ ಚಾದರವನ್ನು ಸರಿಸಿ ಮುಖ ತೋರಿಸಿದ. "ಯಾಕಮ್ಮ? ಏನಾದ್ರೂ ಗೊತ್ತಾ ನಿನಗೆ?"

ಆಕೆ ಬಕೆಟ್ಟಿಗೆ ಬಗ್ಗಿದಳು. ಹೇಳಿದ್ದೇ ಜಾಸ್ತಿಯಾಯಿತು ಅನ್ನಿಸಿತು. "ನನಗೇನು ಗೊತ್ತು? ಹೊಸ ವ್ಯಾಪಾರ, ಜೋಪಾನ ಅಂದೆ ಅಷ್ಟೆ."

"ಅದೇ ಹಳೇ ಪಾಠ. ನಾನು ಸೈಕಲ್ ಕಲಿಯೋವಾಗ್ಲೂ ಜೋಪಾನ, ಮದುವೆ ಆಗೋವಾಗ್ಲೂ ಜೋಪಾನ. ನಿನ್ನ ಬಾಯಲ್ಲಿ ಒಂದ್ಸಲ ಭೇಷ್ ಅಂತ ಬಂದಿದ್ರೆ ಹೇಳು ನೋಡೋಣ!"

"ಭೇಷ್ ಅಂದ್ರೆ ಹೊಟ್ಟೆ ತುಂಬುತ್ತಾ?"

"ತುಂಬುತ್ತಮ್ಮ. ಒಂದ್ಸಲ ಅಂದು ನೋಡು, ತುಂಬುತ್ತೆ."

ಅವನು ಕ್ಲಿಪ್ಪುಗಳ ಡಬ್ಬಿಯನ್ನು ಕುಕ್ಕಿ ಹೋದ. ಆಕೆ ಉಳಿದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಹಾಕಿದಳು. ಆ ದಿನದಿಂದ ಆಕೆ ಬಂದರೆ ಅಂಗಡಿಯ ಮಾತು ನಿಲ್ಲತೊಡಗಿತು. ಲ್ಯಾಬಿನಲ್ಲಿ ಆಕೆ ಕ್ಯಾಂಟೀನಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಮನೆಯಲ್ಲಿ ಅಡುಗೆಮನೆಗೆ ಕಾಲಿಟ್ಟರೆ. ಬಸ್ಸಿನಲ್ಲಿ ಮಾತ್ರ ಜನ ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಆಕೆ ಎರಡು ಸಲ ತನ್ನ ಸ್ಟಾಪು ದಾಟಿ ಹೋಗಿಬಿಟ್ಟಳು.

ಕೋಣೆಯ ಎಸಿಯನ್ನು ಆಕೆ ಹಾಕಲಿಲ್ಲ. ಹಾಕುವುದಿಲ್ಲವೆಂದು ತೀರ್ಮಾನ ಮಾಡಿದ್ದೇನೂ ಅಲ್ಲ, ಕೈ ಹೋಗಲಿಲ್ಲ. ತಾರಸಿ ಕಾದು ಸಂಜೆಯ ಹೊತ್ತಿಗೆ ಕೋಣೆ ಬಾಣಲೆಯಾಗುತ್ತಿತ್ತು. ಹಳೆಯ ಫ್ಯಾನಿನ ಕೆಳಗೆ ಒದ್ದೆ ಟವೆಲ್ಲು ಹೊದ್ದು ಕೂರುತ್ತಿದ್ದಳು. ಮೊದಲು ಗಮನಿಸಿದ್ದು ಲಾಯರು, ಗಮನಿಸಿದ್ದನ್ನು ಹೋಗಿ ಅಮ್ಮನಿಗೆ ಹೇಳಿದ್ದೂ ಲಾಯರೇ.

ಮೂರನೆಯ ವಾರದ ಶನಿವಾರ, ಮಧ್ಯಾಹ್ನ. ಮಗ ಬೋರ್ಡು ಬರೆಸಲು ಹೋಗಿದ್ದ, ಮಗು ಪಕ್ಕದ ಮನೆಯಲ್ಲಿತ್ತು. ಸೊಸೆ ಅತ್ತೆಯ ಕೋಣೆಗೆ ಬಂದು ಬಾಗಿಲು ಹಾಕಿದಳು. ಒಂದು ಕೈಯಲ್ಲಿ ಮಡಿಸಿದ ಕಾಗದ, ಇನ್ನೊಂದರಲ್ಲಿ ಎಸಿಯ ರಿಮೋಟು.

"ಇದಕ್ಕೆ ಸುತ್ತಿದ ಪ್ಲಾಸ್ಟಿಕ್ಕೇ ತೆಗೆದಿಲ್ಲ ನೀವು."

"ಸೆಖೆ ಏನಿಲ್ಲ ಬಿಡು."

"ಅತ್ತೆ, ನಿಮ್ಮ ರವಿಕೆ ಹಿಂಡಿದ್ರೆ ಒಂದು ಲೋಟ ನೀರು ಬರುತ್ತೆ."

ಸೊಸೆ ಮಂಚದ ತುದಿಯಲ್ಲಿ ಕೂತಳು.

"ನಿಮಗೆ ಹೇಳೋಕಾಗಲ್ಲ ಅಂತ ಗೊತ್ತು. ಬಾಯಿ ಬಿಡಿ ಅಂತ ನಾನು ಕೇಳ್ತಾನೂ ಇಲ್ಲ. ಇದು ನನ್ನ ರಾಜೀನಾಮೆ. ಸೋಮವಾರ ಕೊಡಬೇಕು. ನೀವು ಈ ಎಸಿ ಹಾಕ್ಕೊಂಡು ನೆಮ್ಮದಿಯಾಗಿ ಕೂತ್ರೆ ಕೊಡ್ತೀನಿ. ಹಾಕಲ್ಲ ಅಂದ್ರೆ ಹರಿದು ಹಾಕಿ, ಅಂಗಡಿ ಬೇಡ ಅಂತ ಅವರ ಹತ್ರ ನಾನೇ ಜಗಳ ಆಡ್ತೀನಿ. ಯಾಕೆ ಅಂತ ಯಾರಿಗೂ ಹೇಳಲ್ಲ. ನಿಮ್ಮ ಮಗನಿಗೂ ಹೇಳಲ್ಲ. ನನ್ನ ಮಗಳಾಣೆ."

ರಿಮೋಟನ್ನು ಇಬ್ಬರ ನಡುವೆ ಚಾದರದ ಮೇಲಿಟ್ಟಳು.

ಇಪ್ಪತ್ತೇಳಮ್ಮ ಅದನ್ನು ನೋಡಿದಳು. ಸುಮ್ಮನೆ ಕೂತರೂ ಹೇಳಿದ ಹಾಗೆ, ಎದ್ದು ಹೋದರೂ ಹೇಳಿದ ಹಾಗೆ. ತಲೆನೋವು ಅಂದರೆ, ಅಳು ಬಂದರೆ, ಅದೂ ಹೇಳಿದ ಹಾಗೆಯೇ. ಬಾಯಿಗೆ ಬೀಗ ಹಾಕಿಕೊಳ್ಳುವುದು ಆಕೆಗೆ ಗೊತ್ತಿತ್ತು. ಮೈಗೆಲ್ಲ ಹಾಕಿಕೊಳ್ಳಬೇಕಾದ ದಿನ ಇದು ಮೊದಲನೆಯದು. ಇನ್ನೆರಡು ಪೀಸುಗಳು ಏನಾದವೋ ಆಕೆಗೆ ತಿಳಿದಿರಲಿಲ್ಲ. ಪಾಸಾಗಿರಬಹುದು. ಒಂದು ಮಷಿನ್ನು ಕೆಟ್ಟದಿದ್ದು ಎರಡು ಒಳ್ಳೆಯವಿದ್ದದ್ದನ್ನು ಆಕೆ ಎಷ್ಟು ಸಲ ನೋಡಿಲ್ಲ?

ಪ್ಲಾಸ್ಟಿಕ್ಕು ಹರಿದು ಆಕೆ ಬಟನ್ ಒತ್ತಿದಳು.

ತಣ್ಣನೆಯ ಗಾಳಿ ಇಬ್ಬರ ತಲೆಯ ಮೇಲೆ ಇಳಿಯಿತು. ಸೊಸೆ ಕಣ್ಣು ಮುಚ್ಚಿಕೊಂಡು ಕುತ್ತಿಗೆ ಮುಂದೆ ಚಾಚಿದಳು. ಬಹಳ ದಿನದಿಂದ ಎತ್ತಿ ಹಿಡಿದಿದ್ದ ಹೆಗಲು ಇಳಿಯಿತು.

"ಅಬ್ಬಾ. ಹೆದರಿಸಿಬಿಟ್ಟಿದ್ರಿ ಅತ್ತೆ."

"ಹೂಂ."

"ನಿಮಗೊಂದು ವಿಷಯ ಹೇಳ್ತೀನಿ, ನಗಬೇಡಿ. ಹನ್ನೆರಡು ವರ್ಷದಿಂದ ನಾನು ಬರೀ ದನಿ ಕೇಳಿದೀನಿ. ಅಳೋರು, ಬಯ್ಯೋರು, ಯಾವ ವಾರ್ಡು ಅನ್ನೋರು. ಒಬ್ಬರ ಮುಖಾನೂ ನೋಡಿಲ್ಲ. ಅಂಗಡೀಲಿ ಕೂತ್ರೆ ಜನ ಬಾಗಿಲು ತಳ್ಕೊಂಡು ಒಳಗೆ ಬರ್ತಾರಲ್ಲ, ಅದೇ ನಂಗೆ ಆಸೆ. ವ್ಯಾಪಾರ ಆಮೇಲೆ."

"ಬರ್ತಾರೆ" ಎಂದಳು ಅತ್ತೆ.

"ನಿಮ್ಮ ಬಾಯಿಂದ ಬಂತಲ್ಲ, ಸಾಕು." ಸೊಸೆ ಕಾಗದ ಎತ್ತಿಕೊಂಡು ಎದ್ದಳು. "ಆರಿಸಬೇಡಿ, ಹಾಗೇ ಇರ್ಲಿ. ಟೀ ತರ್ತೀನಿ."

ಟೀ ಬಂತು. ಇಪ್ಪತ್ತೇಳಮ್ಮ ಅದನ್ನು ಕುಡಿದಳು. ಕೋಣೆ ತಣ್ಣಗಾಗುತ್ತಾ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಆಕೆಗೆ ಶಾಲು ಬೇಕಾಯಿತು.

ಅಂಗಡಿ ತೆರೆಯಿತು. ಬಾಗಿಲಿಗೆ ಗಾಜನ್ನೇ ಹಾಕಿಸಿದ್ದರು. ಸೊಸೆಗೆ ತಿರುಗುವ ಕುರ್ಚಿ ಸಿಕ್ಕಿತು. ಮೊದಲ ಹತ್ತು ದಿನದಲ್ಲಿ ನಾಲ್ಕು ಪೀಸು ಹೋದವು. ಊಟದ ಹೊತ್ತಿಗೆ ಗಂಡ ಹೆಂಡತಿ ಬಂದ ಗಿರಾಕಿಗಳ ಅಣಕ ಮಾಡಿ ನಗುತ್ತಿದ್ದರು. ಸೊಸೆಗೆ ಈಗ ಅತ್ತೆಯ ಮೇಲೆ ಎಲ್ಲಿಲ್ಲದ ಅಕ್ಕರೆ. ಮೊಟ್ಟೆ ಒಂದೇ ಉಳಿದರೆ ಅದು ಅತ್ತೆಯ ತಟ್ಟೆಗೆ. ಆಕೆ ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

"ತಿನ್ನಿ ಅತ್ತೆ. ಸೊರಗಿಹೋಗಿದೀರ."

"ಫ್ರಿಜ್ಜು ಕಾಯೋ ಕೆಲಸ ಒಗ್ಗಲ್ಲ ಕಣೆ" ಅನ್ನುತ್ತಿದ್ದಳು.

ಲ್ಯಾಬಿನಲ್ಲಿ ತಂತಿ ದೂರದ ಟೇಬಲ್ಲಿನಿಂದ ಒಂದು ದಿನ ಆಕೆಯನ್ನು ಬಹಳ ಹೊತ್ತು ನೋಡಿದಳು. ಇಪ್ಪತ್ತೇಳಮ್ಮ ನೋಡಿದ ಕೂಡಲೇ ತಂತಿ ಮುಖ ತಿರುಗಿಸಿ ಡಬ್ಬಿ ಮುಚ್ಚಿದಳು. ಇಪ್ಪತ್ತೇಳಮ್ಮನಿಗೆ ಅಷ್ಟೇ ಸಾಕಾಯಿತು. ಆಕೆ ಆವತ್ತು ಕಿಟಕಿಯ ಹತ್ತಿರ ಊಟ ಬಿಚ್ಚಿದವಳು ಹಾಗೇ ಮುಚ್ಚಿ ಮನೆಗೆ ತಂದಳು.

ಪಟ್ಟಿ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಊರವರಿಗೆ ತಿಳಿದ ಹೊತ್ತಿಗೇ ಈ ಮನೆಗೂ ತಿಳಿಯಿತು. ಮಗ ಬ್ರೆಡ್ಡು ಕಚ್ಚಿಕೊಂಡೇ ಫೋನು ನೋಡುತ್ತಿದ್ದ. ಬ್ರೆಡ್ಡು ಕೆಳಗಿಟ್ಟ.

"ಇದು ನಮ್ಮ ಮಾಡೆಲ್ಲೇ. ಐದರಿಂದ ಮೂರಕ್ಕೆ ಇಳಿಸಿದಾರೆ."

"ಸರಿಯಾಗಿ ನೋಡ್ರೀ" ಎಂದಳು ಸೊಸೆ.

"ನಂಬರು ಕಾಣಿಸ್ತಿದೆಯಲ್ಲ. ಮೊದಲ ಪೀಸು ಫೇಲು, ಆಮೇಲಿನ ಎರಡೂ ಫೇಲು." ಅವನು ಬೆರಳಿನಿಂದ ಮೇಲಕ್ಕೆ ಸರಿಸಿದ. "ಮೊದಲ ಪರೀಕ್ಷೆ..." ಎಂದು ತಾರೀಖು ಓದಿದ. ಓದಿ ತಾಯಿಯ ಕಡೆ ನೋಡಿದ. ಅವನು ಏಣಿ ಹತ್ತಿ ಗೋಡೆ ಕೊರೆದ ಭಾನುವಾರಕ್ಕೆ ಎರಡು ದಿನ ಮುಂಚಿನ ತಾರೀಖು ಅದು.

ಸೊಸೆ ಲಾಯರಿನ ಜಡೆ ಹೆಣೆಯುತ್ತಿದ್ದಳು. ಹೆಣೆದು ಮುಗಿಸಿ, ರಿಬ್ಬನ್ನು ಕಟ್ಟಿ, ಚೀಲ ಹೆಗಲಿಗೆ ಹಾಕಿ, "ಗೇಟಿನ ಹತ್ರ ನಿಂತಿರು, ಬಂದೆ" ಎಂದು ಕಳಿಸಿದಳು. ಆಮೇಲೆ ತಿರುಗಿದಳು.

"ಅತ್ತೆ, ನೀವು ಹಾಕಿದ್ರಿ."

"ಹಾಕಿದೆ."

"ಸುಮ್ಮನೆ ಕೂತಿದ್ರೂ ಸಾಕಿತ್ತು. ನಾನು ಬರೀ ಅಷ್ಟು ಕೇಳಿದ್ದು."

"ಅದೂ ಹೇಳಿದ ಹಾಗೇ ಆಗ್ತಿತ್ತು."

"ಹೌದು" ಎಂದಳು ಸೊಸೆ. "ಹೇಳಿದ ಹಾಗೆ ಆಗ್ತಿತ್ತು. ಏನಾಗ್ತಿತ್ತು ಹೇಳಿದ್ರೆ? ನನ್ನ ಬಾಯಿ ಅಷ್ಟು ಸಡಿಲಾನಾ?"

ಅದಕ್ಕೆ ಇದ್ದದ್ದು ಲ್ಯಾಬಿನ ಉತ್ತರ. ಅದನ್ನು ಅಡುಗೆಮನೆಯಲ್ಲಿ ಹೇಳುವಂತಿರಲಿಲ್ಲ. ಸೊಸೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮಗ ಏನೂ ಕೇಳಲಿಲ್ಲ. ಕೂಗಾಡಲೂ ಇಲ್ಲ. ಆ ರಾತ್ರಿ, ಮರುದಿನ, ಅದರ ಮರುದಿನವೂ ಊಟ ನಡೆಯಿತು, ಪಾತ್ರೆ ತೊಳೆದಾಯಿತು, ಉಪ್ಪು ಕೊಡಿ ಅಂದರೆ ಉಪ್ಪು ಬಂತು. ಜಗಳವಾದರೂ ಆಗಿದ್ದರೆ ಬಾಯಿಗೆ ಬಾಯಿ ಕೊಡಬಹುದಿತ್ತು. ಮೊಟ್ಟೆ ಮಾತ್ರ ಈಗ ಮೂವರಿಗೆ ಲೆಕ್ಕವಾಗಿ ಬೇಯುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ.

ಕಂಪನಿ ಮಾಲು ವಾಪಸು ತೆಗೆದುಕೊಳ್ಳಲಿಲ್ಲ, ಒಂದು ಲಕೋಟೆ ಕಳಿಸಿತು. ಅದರಲ್ಲಿ ಮೂರು ಸ್ಟಾರಿನ ಲೇಬಲ್ಲುಗಳಿದ್ದವು. ಹಳೆಯದನ್ನು ಕಿತ್ತು ಹೊಸದನ್ನು ಹಚ್ಚದೆ ಒಂದು ಪೀಸನ್ನೂ ಮಾರಕೂಡದು.

ಭಾನುವಾರ ಇಪ್ಪತ್ತೇಳಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿ ಅಂಗಡಿಗೆ ಹೋದಳು. ಆಕೆ ಅಲ್ಲಿ ಕಾಲಿಟ್ಟದ್ದು ಅದು ಎರಡನೆಯ ಸಲ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಮಗ ನೆಲದ ಮೇಲೆ ಕೂತು ಉಗುರಿನಿಂದ ಲೇಬಲ್ಲು ಕೆರೆಯುತ್ತಿದ್ದ. ಅರ್ಧ ಕಿತ್ತು ಅರ್ಧ ಉಳಿಯುತ್ತಿತ್ತು.

"ಬಿಸಿ ನೀರಲ್ಲಿ ಬಟ್ಟೆ ಅದ್ದಿ ಒತ್ತು" ಎಂದಳು ಆಕೆ. "ತಾನಾಗಿ ಬಿಡುತ್ತೆ."

ಅವನು ಎದ್ದು ಹೋಗಿ ನೀರು ಕಾಯಿಸಿ ತಂದ. ಇಬ್ಬರೂ ಕೆಲಸಕ್ಕೆ ಕೂತರು. ಅವನು ಒತ್ತಿ ಬಿಡಿಸುವುದು, ಆಕೆ ಒರೆಸಿ ಹೊಸದು ಹಚ್ಚುವುದು. ಹನ್ನೊಂದು ಪೆಟ್ಟಿಗೆ ಮುಗಿದವು.

"ಮೊದಲನೇದಕ್ಕೆ ಸಹಿ ಯಾರದು?" ಮಗ ಕೇಳಿದ.

"ನನ್ನದು."

"ಲೆಕ್ಕದಲ್ಲಿ ಏನಾದ್ರೂ ಹೆಚ್ಚುಕಮ್ಮಿ..."

"ಇಲ್ಲ. ಮೂರು ಸಲ ನೋಡ್ದೆ."

"ಬೇರೆ ಯಾರದೋ ಮಗ ಈ ಅಂಗಡಿ ಹಾಕಿದ್ದಿದ್ರೆ? ಅವನಿಗೆ ಹೇಳ್ತಿದ್ಯಾ?"

"ಅವನಿಗೂ ಹೇಳ್ತಿರಲಿಲ್ಲ."

ಮಗ ಒದ್ದೆ ಬಟ್ಟೆಯನ್ನು ಪೆಟ್ಟಿಗೆಯ ಮೇಲೆ ಒತ್ತಿ ಹಿಡಿದುಕೊಂಡೇ ಕೂತ. ನೀರು ಕೈಯಿಂದ ಮೊಣಕೈಗೆ ಇಳಿಯಿತು.

"ಅದೇ ಅಮ್ಮ. ನಂಗೆ ಹೇಳ್ಲಿಲ್ಲ ಅಂತ ಬೇಜಾರಿಲ್ಲ. ಅವನಿಗೂ ನಂಗೂ ಒಂದೇ ಆಯ್ತಲ್ಲ, ಅದು ಬೇಜಾರು."

ಆಕೆಗೆ ಎಷ್ಟೋ ಹೇಳಬೇಕೆನ್ನಿಸಿತು. ಕಿಟಕಿಯ ಹತ್ತಿರದ ಕುರ್ಚಿ, ದಾಟಿಹೋದ ಬಸ್‌ಸ್ಟಾಪು, ತಣ್ಣಗಾಗುತ್ತಲೇ ಹೋದ ಕೋಣೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯುವಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ನಡುವಯಸ್ಸಿನ ಗಿರಾಕಿ ಒಳಗೆ ಬಂದ. ಮಗ ಕೈ ಒರೆಸಿಕೊಂಡು ಎದ್ದು ನಗು ಹಚ್ಚಿಕೊಂಡ.

"ಬನ್ನಿ ಸಾರ್."

"ಇದು ಎಷ್ಟು ಸ್ಟಾರಿಂದು?"

"ಮೂರು."

"ಹೋದ ವಾರ ನಮ್ಮ ಭಾವನಿಗೆ ಐದು ಅಂತ ಹೇಳಿದ್ರಂತೆ?"

"ಹೋದ ವಾರ ಐದು ಇತ್ತು ಸಾರ್. ಈಗ ಮೂರು."

ಗಿರಾಕಿ ನಕ್ಕ. "ಹಂಗಂದ್ರೆ ಇದನ್ನಾದ್ರೂ ನಂಬೋದು ಹೆಂಗ್ರೀ? ನಾಳೆ ಒಂದು ಅಂದ್ರೆ?"

"ಇದನ್ನ ನಂಬಬಹುದು" ಎಂದ ಮಗ. "ಪರೀಕ್ಷೆ ಮಾಡೋರು ಇರ್ತಾರಲ್ಲ ಸಾರ್, ಅವರು ಭಾಳ ಗಟ್ಟಿ ಜನ. ಸ್ವಂತ ಮಕ್ಕಳಿಗೂ ಒಂದು ಸ್ಟಾರು ಜಾಸ್ತಿ ಕೊಡಲ್ಲ."

"ಅಂಥೋರೂ ಇದಾರಾ?"

"ಇದಾರೆ. ನಂಗೊತ್ತು."

ಗಿರಾಕಿಗೆ ಆ ಮಾತು ಹಿಡಿಸಿತು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ನೆಲದ ಮೇಲೆ ಕೂತಿದ್ದ ಇಪ್ಪತ್ತೇಳಮ್ಮನ ಕಾಲು ತಗುಲೀತೆಂದು ಬದಿಗೆ ಸರಿದು, ಮರ್ಯಾದೆಗೆಂಬಂತೆ ಕೇಳಿದ: "ಇವರು?"

ಮಗ ರೇಟಿನ ಹಾಳೆ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ.

"ಲೇಬಲ್ಲು ಹಚ್ಚೋಕೆ ಬಂದವರು" ಎಂದ.

ಇಪ್ಪತ್ತೇಳಮ್ಮ ಮುಂದಿನ ಲೇಬಲ್ಲಿನ ಹಿಂದಿನ ಕಾಗದ ಸುಲಿದಳು. ನಾಲ್ಕು ಮೂಲೆ ಸರಿಯಾಗಿ ಕೂರಿಸಿ, ಗಾಳಿ ಉಳಿಯದ ಹಾಗೆ ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು. ಇನ್ನೂ ಹದಿನಾಲ್ಕು ಉಳಿದಿದ್ದವು.